ಮನೆಯಂಗಳದಲ್ಲಿ ಕಾರಿಗೆ ಬಣ್ಣ
ಸೆಕ್ಟರ್ ಫೈವ್‌ನ ಬಂಧುಗಳಿಗೆ ರೋಲರಿನ ವಿಷಯವಾಗಿ ನಾಲ್ಕು ಮಾತು

ಕೋಲ್ಕತ್ತಾ ನಗರದ ಪೂರ್ವದ ಅಂಚಿನಲ್ಲಿರುವ ಸೆಕ್ಟರ್ ಫೈವ್, ವಾರದ ಐದು ದಿನ ಜೇನುಗೂಡಿನಂತೆ ಗಿಜಿಗುಡುತ್ತಿದ್ದು ಶನಿವಾರ ಬಂದೊಡನೆ ಬಹುಮಟ್ಟಿಗೆ ನಿಶ್ಶಬ್ದವಾಗುವ ಪ್ರದೇಶ. ಕಾಲೇಜ್ ಮೋರ್, ವೆಬೆಲ್ ಮೋರ್‌ಗಳ ಸುತ್ತಲಿನ ಕಚೇರಿಗಳು ಬಾಗಿಲೆಳೆದುಕೊಂಡಾಗ, ಅವನ್ನೇ ನೆಚ್ಚಿಕೊಂಡಿರುವ ಇಡ್ಲಿ ದೋಸೆಯ ಒಲೆಗಳೂ ತಣ್ಣಗಾಗುವುವು. ಇಲ್ಲಿ ದುಡಿಯುವ ನಮ್ಮವರಿಗೆ, ಹೋಟೆಲಿನವರಾಗಲಿ ಗುಮಾಸ್ತರಾಗಲಿ, ಒಂದಿಷ್ಟು ಬಿಡುವು ದೊರೆಯುವುದು ಆಗಲೇ. ಆ ಬಿಡುವಿನಲ್ಲಿ ಮಹಿಷಬಾಥಾನ್, ನಯಾಪಟ್ಟಿ, ಕೇಷ್ಟೋಪುರಗಳ ಬಾಡಿಗೆ ಮನೆಯ ಮುಂದೆ ನಿಂತಿರುವ ಹಳೆಯ ಕಾರೋ, ಟಿಫಿನ್ ಡಬ್ಬಿಗಳನ್ನು ಸಾಗಿಸುವ ವ್ಯಾನೋ ಕಣ್ಣಿಗೆ ಬೀಳುತ್ತದೆ. ಬಾನೆಟ್ಟಿನ ಬಣ್ಣ ಬೂದಿಯಂತೆ ಮಾಸಿದೆ. ಬಾಗಿಲಿನ ಕೆಳಗಂಚಿನಲ್ಲಿ ತುಕ್ಕು ಗುಳ್ಳೆಯೆದ್ದಿದೆ. ಗ್ಯಾರೇಜಿನವನು ಹೇಳಿದ ಮೊತ್ತ ಎರಡು ಮೂರು ತಿಂಗಳ ಸಂಬಳವನ್ನು ನುಂಗುವಂತಿದೆ.

ಮನೆಯ ಗೋಡೆಗೆ ಬಣ್ಣ ಬಳಿಯುವ ರೋಲರಿನಿಂದಲೇ ಕಾರಿಗೂ ಬಣ್ಣ ಬಳಿಯಬಾರದೇಕೆ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳುವುದುಂಟು. ಪ್ರಶ್ನೆ ಸಣ್ಣದೆಂದು ತೋರಬಹುದು. ಮಿತವಾದ ಆದಾಯದಲ್ಲಿ ಪರಸ್ಥಳದಲ್ಲಿ ಸಂಸಾರ ತೂಗಿಸುವವನಿಗೆ ಅದು ಸಣ್ಣದಲ್ಲ. ನಮ್ಮ ಉತ್ತರವನ್ನು ಮೊದಲೇ ತಿಳಿಸಿಬಿಡುವೆವು. ಬಳಿಯಬಹುದು, ಚೆನ್ನಾಗಿಯೂ ಬಳಿಯಬಹುದು. ಆದರೆ ಹಣದಲ್ಲಿ ಉಳಿಸಿದ್ದನ್ನು ಕಾಲದಲ್ಲಿ ಮತ್ತು ತಾಳ್ಮೆಯಲ್ಲಿ ತೆರಬೇಕು. ಬಣ್ಣವನ್ನು ಯಾತಕ್ಕಾಗಿ ಬಳಿಯುತ್ತೇವೆಂಬುದನ್ನು ಅರಿಯದೆ ಬಳಿದರೆ ಹಣವೂ ಹೋಯಿತು, ಶ್ರಮವೂ ಹೋಯಿತು.

ಬಣ್ಣವೆಂದರೆ ಏನು?

ಕಾರಿನ ಬಣ್ಣವನ್ನು ನಾವು ಅಲಂಕಾರವೆಂದು ತಿಳಿದಿರುತ್ತೇವೆ. ವಾಸ್ತವದಲ್ಲಿ ಅದು ಉಕ್ಕಿನ ತಗಡಿಗೆ ಹೊದಿಸಿದ ಚರ್ಮ. ಗಾಳಿಯ ಆಮ್ಲಜನಕವೂ ನೀರೂ ಒಟ್ಟಾಗಿ ಉಕ್ಕನ್ನು ಮುಟ್ಟಿದಲ್ಲಿ ತುಕ್ಕು ಹುಟ್ಟುತ್ತದೆ. ಬಣ್ಣವು ಅವೆರಡನ್ನೂ ಹೊರಗೆ ತಡೆದು ನಿಲ್ಲಿಸುತ್ತದೆ. ಚರ್ಮ ಎಲ್ಲಿ ಸೀಳಿದೆಯೋ ಅಲ್ಲಿಂದ ರೋಗ ಒಳಹೊಗುವುದು. ತುಕ್ಕು ತಾನು ಹುಟ್ಟಿದ ಉಕ್ಕಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸುತ್ತಲಿನ ಒಳ್ಳೆಯ ಬಣ್ಣವನ್ನೂ ಎತ್ತಿ ಹರಿದುಹಾಕುತ್ತದೆ. ಕಾಸಿನಗಲದ ಗುಳ್ಳೆ ಎರಡು ಮಳೆಗಾಲದಲ್ಲಿ ಅಂಗೈಯಗಲದ ತೂತಾಗುವುದು ಹೀಗೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆಯಾಗಿರುವ ಬಂಗಾಳದಲ್ಲಿ ಈ ರೋಗ ಬೇಗ ಹಬ್ಬುತ್ತದೆ. ಸಾಲ್ಟ್ ಲೇಕ್ ನಿಂತಿರುವ ನೆಲವಾದರೂ ಎಂಥದು? ಹಿಂದೆ ಉಪ್ಪುನೀರಿನ ಜೌಗು. ಡಾಕ್ಟರ್ ಬಿಧಾನ್ ಚಂದ್ರ ರಾಯರು ಮುಖ್ಯಮಂತ್ರಿಯಾಗಿದ್ದಾಗ ರೂಪುಗೊಂಡ ಯೋಜನೆಯಂತೆ, 1962ರಿಂದ ಹೂಗ್ಲಿ ನದಿಯ ಹೂಳನ್ನು ತಂದು ತುಂಬಿ ಎತ್ತರಿಸಿದ ಭೂಮಿ. ನಮ್ಮ ಕರಾವಳಿಯವರಿಗೆ ಒದ್ದೆ ಗಾಳಿ ಹೊಸದಲ್ಲ. ಉಡುಪಿ ಕುಂದಾಪುರಗಳ ಮಳೆಗಾಲದಲ್ಲಿ ಕಬ್ಬಿಣದ ಬಾವಿರಾಟೆಗೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಸಾಕು, ಇಲ್ಲಿ ಕಾರಿಗೆ ಏನಾಗುವುದೆಂದು ತಿಳಿಯುವುದು.

ಕೈಯಿಂದ ಬಣ್ಣ ಬಳಿದ ಕಾಲ

ಕಾರಿಗೆ ಕೈಯಿಂದ ಬಣ್ಣವೇ ಎಂದು ನಗುವವರು ಮೋಟಾರಿನ ಚರಿತ್ರೆಯನ್ನು ಒಮ್ಮೆ ನೋಡಬೇಕು. ಕುದುರೆಗಾಡಿಗಳಿಗೆ ಕುಂಚ ಹಿಡಿದಿದ್ದ ಕುಶಲಿಗಳೇ ಮೊದಮೊದಲ ಕಾರುಗಳಿಗೂ ಬಣ್ಣವಿಟ್ಟರು. ಒಂದು ಪದರ ಒಣಗಬೇಕು, ಅದನ್ನು ಉಜ್ಜಬೇಕು, ಮತ್ತೊಂದು ಪದರ ಬಳಿಯಬೇಕು. ಒಂದೊಂದು ಕಾರಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯು ಡ್ಯೂಕೋ ಎಂಬ, ಬಹುಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ಹೊರತಂದಿತು. ಜನರಲ್ ಮೋಟಾರ್ಸ್‌ನವರು ಅದನ್ನು ತಮ್ಮ ಓಕ್ಲೆಂಡ್ ಕಾರುಗಳಿಗೆ ಹಚ್ಚಿದರು. ಕುಂಚದ ಬದಲು ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಗನ್ನು ಕಾರ್ಖಾನೆಗಳನ್ನು ಆಳತೊಡಗಿದ್ದು ಅಂದಿನಿಂದ.

ರೋಲರು ಇನ್ನೂ ತರುಣ ವಯಸ್ಸಿನದು. ಕೆನಡಾದ ಟೊರೊಂಟೊ ನಗರದ ನಾರ್ಮನ್ ಬ್ರೇಕಿ ಎಂಬವರು 1940ರಲ್ಲಿ ಅದನ್ನು ಕಂಡುಹಿಡಿದರೆಂದು ಹೇಳುತ್ತಾರೆ. ಗೋಡೆಗೆಂದು ಹುಟ್ಟಿದ ಈ ಸಾಧನವನ್ನು ಕಾರಿನ ಮೈಮೇಲೆ ಉರುಳಿಸುವ ಪದ್ಧತಿ, ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಹವ್ಯಾಸಿಗಳಲ್ಲಿ ಐವತ್ತು ಡಾಲರಿನ ಬಣ್ಣವೆಂಬ ಹೆಸರಿನಿಂದ ಪ್ರಸಿದ್ಧಿಗೆ ಬಂತು. ಹೊಸ ಹೆಸರು, ಒಳಗಿನ ತತ್ತ್ವ ಮಾತ್ರ ಕುದುರೆಗಾಡಿಯ ಕಾಲದ್ದೇ. ತೆಳುವಾದ ಪದರ, ಒಣಗುವ ತನಕ ಕಾಯುವುದು, ಉಜ್ಜುವುದು, ಮತ್ತೆ ತೆಳುವಾದ ಪದರ.

ಇಂಥ ಕೆಲಸಕ್ಕೆ ಕೋಲ್ಕತ್ತಾ ಪರಕೀಯವಾದ ಊರಲ್ಲ. ಶಾಲಿಮಾರ್ ಬಣ್ಣದ ಕಾರ್ಖಾನೆ 1902ರಲ್ಲಿ ಸ್ಥಾಪಿತವಾದದ್ದು ನದಿಯಾಚೆಯ ಹೌರಾದಲ್ಲಿ. ಇಂದಿನ ಬರ್ಜರ್ ಪೇಂಟ್ಸ್ 1923ರಲ್ಲಿ ಹ್ಯಾಡ್‌ಫೀಲ್ಡ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ್ದೂ ಈ ನಗರದಲ್ಲೇ. ಮೈಸೂರಿನ ಕಡೆಯವರೂ ತಲೆಯೆತ್ತಿ ಹೇಳಬಹುದಾದ ಮಾತೊಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1937ರಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ದೇಶದ ಮತದಾರರ ಬೆರಳಿಗೆ ಅಳಿಸದ ಶಾಯಿಯನ್ನು ಒದಗಿಸುತ್ತ ಬಂದಿದೆ.

ಇನ್ನು ಕಾರಿನ ಮಾತು. ಹೂಗ್ಲಿ ತೀರದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ತಯಾರಿಸುತ್ತಿದ್ದ ಅಂಬಾಸಡರ್ ಕಾರು ಹಳದಿ ಬಣ್ಣ ತೊಟ್ಟು ಈ ನಗರದ ಗುರುತೇ ಆಗಿ ನಿಂತಿತ್ತು. 2014ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತುಹೋಯಿತು. ದಪ್ಪ ತಗಡಿನ ಆ ಗಾಡಿಗಳನ್ನು ಬಡಿದು ನೇರ ಮಾಡಿ, ಉಜ್ಜಿ, ಮತ್ತೆ ಮತ್ತೆ ಹಳದಿ ಹಚ್ಚಿ ರಸ್ತೆಗೆ ಬಿಡುತ್ತಿದ್ದ ರೊಂಗ್ ಮಿಸ್ತ್ರಿಗಳಿಗೆ ಈಗ ಆ ಕೆಲಸ ಕಡಿಮೆಯಾಗಿದೆ. ಬಂಗಾಳಿಯಲ್ಲಿ ಬಣ್ಣದ ಕೆಲಸಗಾರನಿಗೆ ಹೀಗೆನ್ನುವರು. ಖಾಸಗಿ ಬಸ್ಸುಗಳ, ಲಾರಿಗಳ ಮೈಮೇಲೆ ಕುಂಚದಿಂದ ಅಕ್ಷರ ಬರೆಯುವ ಕೈಗಳು ಇನ್ನೂ ಇವೆ. ಅಂಥವರೊಡನೆ ಅರ್ಧ ಗಂಟೆ ನಿಂತು ಮಾತನಾಡಿದರೆ ಕಲಿಯತಕ್ಕದ್ದು ಬಹಳವಿದೆ.

ಕಾಲವನ್ನು ನೋಡಿ ಕೈಹಾಕಬೇಕು

ಊರಿನಲ್ಲಿ ನಾವು ನವರಾತ್ರಿಯ ಆಯುಧಪೂಜೆಗೆ ವಾಹನಗಳನ್ನು ತೊಳೆದು ಸಿಂಗರಿಸುವಂತೆ, ಬಂಗಾಳದವರು ಸೆಪ್ಟೆಂಬರ್ 17ರ ಸುಮಾರಿಗೆ ಬರುವ ವಿಶ್ವಕರ್ಮ ಪೂಜೆಯಂದು ಯಂತ್ರಗಳನ್ನೂ ವಾಹನಗಳನ್ನೂ ಪೂಜಿಸುತ್ತಾರೆ. ಅಂದು ಆಕಾಶವೆಲ್ಲ ಗಾಳಿಪಟ. ಪೂಜೆಯ ದಿನಕ್ಕೆ ಕಾರು ಹೊಳೆಯಲೆಂಬ ಆಸೆ ಸಹಜ. ಆದರೆ ಅದು ಮಳೆಗಾಲದ ಕೊನೆಯ ಪಾದ. ರೋಲರಿನ ಕೆಲಸಕ್ಕೆ ತಕ್ಕುದಲ್ಲ. ಕಾಳೀಪೂಜೆ ದೀಪಾವಳಿಗಳು ಕಳೆದ ಮೇಲೆ, ನವೆಂಬರ್ ನಡುವಿನಿಂದ ಫೆಬ್ರವರಿಯವರೆಗಿನ ಒಣ ಹವೆಯೇ ಇದಕ್ಕೆ ಸರಿಯಾದ ಕಾಲ.

ಆಗಲೂ ಒಂದು ಎಚ್ಚರ ಬೇಕು. ಚಳಿಗಾಲದ ಬೆಳಗಿನಲ್ಲಿ ಇಬ್ಬನಿ ಸುರಿಯುತ್ತದೆ. ಒಣಗದ ಬಣ್ಣದ ಮೇಲೆ ಇಬ್ಬನಿ ಕುಳಿತರೆ ಹೊಳಪು ಸತ್ತು ಮಂಕಾಗುತ್ತದೆ. ಬೆಳಗ್ಗೆ ಹತ್ತಕ್ಕೆ ತಗಡು ಒಣಗಿ ಬೆಚ್ಚಗಾದ ಮೇಲೆ ಆರಂಭಿಸಿ ಮಧ್ಯಾಹ್ನ ಎರಡರೊಳಗೆ ಮುಗಿಸಬೇಕು. ರಾತ್ರಿ ಕಾರು ಸೂರಿನ ಕೆಳಗಿರಬೇಕು. ಉರಿಬಿಸಿಲೂ ಬೇಡ, ಬಿಸಿ ತಗಡಿನ ಮೇಲೆ ಬಣ್ಣ ಹರಡುವ ಮುನ್ನವೇ ಬಿಗಿದುಕೊಂಡು ರೋಲರಿನ ಗುರುತನ್ನು ಉಳಿಸುತ್ತದೆ.

ಮುಕ್ಕಾಲು ಕೆಲಸ ಬಣ್ಣಕ್ಕೆ ಮೊದಲೇ

ಬಣ್ಣದ ಡಬ್ಬಿ ತೆರೆಯುವ ಮುಂಚಿನ ಸಿದ್ಧತೆಯೇ ಈ ಕೆಲಸದ ಜೀವಾಳ. ಮೊದಲು ಕಾರನ್ನು ಸೋಪಿನ ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಬೇಕು. ಹಳೆಯ ಪಾಲಿಶ್, ಎಣ್ಣೆ, ಡಾಂಬರಿನ ಕಲೆಗಳನ್ನು ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಜಿಡ್ಡಿನ ಪಾತ್ರೆಗೆ ಕಲಾಯಿ ನಿಲ್ಲದಂತೆ ಜಿಡ್ಡಿನ ತಗಡಿಗೆ ಬಣ್ಣವೂ ನಿಲ್ಲದು.

ಬಳಿಕ ತುಕ್ಕು. ತಂತಿಯ ಬ್ರಷ್ಷಿನಿಂದಲೂ ಒರಟು ಉಜ್ಜುಕಾಗದದಿಂದಲೂ ಬೆಳ್ಳಗಿನ ಉಕ್ಕು ಕಾಣುವವರೆಗೆ ಅದನ್ನು ಕೆರೆದು ತೆಗೆಯಬೇಕು. ಹಾಗೆ ಕಂಡ ಉಕ್ಕನ್ನು ಒಂದು ರಾತ್ರಿಯೂ ಬರಿಮೈಯಲ್ಲಿ ಬಿಡಬಾರದು. ಅದೇ ದಿನ ರೆಡ್ ಆಕ್ಸೈಡ್ ಅಥವಾ ಜಿಂಕ್ ಫಾಸ್ಫೇಟ್ ಪ್ರೈಮರನ್ನು ಹಚ್ಚಬೇಕು. ಕುಳಿಬಿದ್ದಲ್ಲಿ ಪುಟ್ಟಿಯನ್ನು ತೆಳ್ಳಗೆ ತುಂಬಿ, ಒಣಗಿದ ಮೇಲೆ ಸಮಮಾಡಬೇಕು. ತೂತನ್ನು ಪುಟ್ಟಿಯಿಂದ ಮುಚ್ಚುವವರುಂಟು. ಅದು ನೀರನ್ನು ಒಳಗೇ ಹಿಡಿದಿಟ್ಟು ಗಾಡಿಯನ್ನು ಬೇಗ ಕೊಲ್ಲುತ್ತದೆ. ತೂತಿಗೆ ತಗಡಿನ ತುಂಡಿನ ಬೆಸುಗೆಯೇ ಮದ್ದು.

ಉಳಿದ ಒಳ್ಳೆಯ ಬಣ್ಣವನ್ನು ತೆಗೆಯಬೇಕಾಗಿಲ್ಲ. 320 ಅಥವಾ 400 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಇಡೀ ಮೈಯನ್ನು ಹೊಳಪು ಹೋಗುವವರೆಗೆ ಉಜ್ಜಿದರೆ ಹೊಸ ಬಣ್ಣಕ್ಕೆ ಹಿಡಿತ ದೊರೆಯುವುದು. ಗಾಜು, ದೀಪ, ರಬ್ಬರು, ನಂಬರು ಫಲಕಗಳನ್ನು ಮಾಸ್ಕಿಂಗ್ ಟೇಪಿನಿಂದಲೂ ಹಳೆಯ ಪತ್ರಿಕೆಗಳಿಂದಲೂ ಮುಚ್ಚಬೇಕು. ನಮ್ಮ ಪತ್ರಿಕೆಯ ಹಿಂದಿನ ಸಂಚಿಕೆಗಳು ಈ ಸೇವೆಗೆ ಒದಗಿದರೆ ನಮಗೆ ಅಸಮಾಧಾನವಿಲ್ಲ. ಎರಡು ಹಾಳೆ ಒಟ್ಟಿಗೆ ಅಂಟಿಸಿದರೆ ಬಣ್ಣ ಸೋರದು.

ರೋಲರು ಉರುಳುವ ಬಗೆ

ಈ ಪದ್ಧತಿಗೆ ಒಗ್ಗುವುದು ಸಿಂಥೆಟಿಕ್ ಎನಾಮೆಲ್. ನಿಧಾನವಾಗಿ ಒಣಗುವುದು ಅದರ ಗುಣ. ಆ ನಿಧಾನದಲ್ಲೇ ಅದು ತಾನಾಗಿ ಹರಡಿ ಸಮನಾಗುತ್ತದೆ. ಸಣ್ಣ ಕಾರಿಗೆ ಮೂರು ಲೀಟರಿನ ಆಸುಪಾಸು ಬೇಕಾದೀತು. ಮಿನರಲ್ ಟರ್ಪೆಂಟೈನ್ ಬೆರೆಸಿ ಅದನ್ನು ನೀರುಮಜ್ಜಿಗೆಯ ಹದಕ್ಕೆ ತಂದು ತೆಳುಬಟ್ಟೆಯಲ್ಲಿ ಸೋಸಬೇಕು. ಸ್ಪ್ರೇ ಮಾಡುವವರು ಬಳಸುವ ಎನ್‌ಸಿ ಥಿನ್ನರನ್ನು ಇದಕ್ಕೆ ಬೆರೆಸಲಾಗದು. ಎನಾಮೆಲಿನ ಮೇಲೆ ಎನ್‌ಸಿ ಬಣ್ಣ ಹಚ್ಚಿದರೆ ಕೆಳಗಿನ ಪದರ ಹಪ್ಪಳದಂತೆ ಸುಕ್ಕುಗಟ್ಟುತ್ತದೆ.

ನಾಲ್ಕು ಅಂಗುಲದ, ಸಣ್ಣ ರಂಧ್ರದ ಸ್ಪಂಜಿನ ರೋಲರು ಬೇಕು. ಗೋಡೆಯ ಉಣ್ಣೆ ರೋಲರು ಕೂದಲು ಬಿಡುತ್ತದೆ. ರೋಲರನ್ನು ಬಣ್ಣದಲ್ಲಿ ಅದ್ದಿ, ತಟ್ಟೆಯ ಅಂಚಿಗೆ ಒತ್ತಿ ಹೆಚ್ಚಿನದನ್ನು ಹಿಂಡಿ, ಮೊದಲು ಛಾವಣಿ, ಅನಂತರ ಬಾನೆಟ್ಟು, ಕೊನೆಗೆ ಬಾಗಿಲುಗಳು ಎಂಬ ಕ್ರಮದಲ್ಲಿ ಒಂದೊಂದೇ ಭಾಗವನ್ನು ಹಿಡಿದು ಮುಗಿಸಬೇಕು. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಉರುಳಿಸಿ, ಕೊನೆಯಲ್ಲಿ ರೋಲರಿನ ಭಾರವಷ್ಟೇ ಬೀಳುವಂತೆ ಹಗುರವಾಗಿ ಒಂದೇ ದಿಕ್ಕಿಗೆ ಎಳೆದು ಬಿಟ್ಟುಬಿಡಬೇಕು. ಸಣ್ಣ ಗುಳ್ಳೆಗಳು ಕಾಣುವುವು. ಹದ ಸರಿಯಿದ್ದರೆ ಬೇಗನೆ ಒಡೆದು ಮಾಯವಾಗುವುವು. ಆಗದಿದ್ದರೆ ಮೆತ್ತನೆಯ ಕುಂಚದ ತುದಿಯಿಂದ ಸವರಿದರೆ ಸಾಕು. ಬಳಿದ ಜಾಗಕ್ಕೆ ಐದು ನಿಮಿಷದ ಮೇಲೆ ಮತ್ತೆ ಕೈಹಾಕಕೂಡದು.

ಇಲ್ಲಿ ಹೋಟೆಲಿನ ಬಂಧುಗಳಿಗೆ ಒಂದು ಅನುಕೂಲವಿದೆ. ಕಾವಲಿಯ ಮೇಲೆ ಹಿಟ್ಟನ್ನು ತೆಳ್ಳಗೆ ಎಳೆಯಬಲ್ಲ ಕೈಗೆ ಒತ್ತಡದ ಹದವನ್ನು ಯಾರೂ ಕಲಿಸಬೇಕಾಗಿಲ್ಲ. ಹೊಸ ಕಾವಲಿಯನ್ನು ಪಳಗಿಸುವಾಗ ಎಣ್ಣೆಯನ್ನು ಒಮ್ಮೆಗೇ ಸುರಿಯುವೆವೇ? ತೆಳುವಾಗಿ ಸವರಿ, ಕಾಯಿಸಿ, ಒರೆಸಿ, ಮತ್ತೆ ಸವರುತ್ತೇವಷ್ಟೆ. ಇಲ್ಲಿಯೂ ಕ್ರಮ ಅದೇ. ದಪ್ಪ ಬಳಿದ ಬಣ್ಣ ಬಾಗಿಲಿನ ಮೇಲೆ ಕಣ್ಣೀರಿನಂತೆ ಇಳಿದು ನಿಲ್ಲುತ್ತದೆ. ಮೇಲೆ ಗಟ್ಟಿಯಾದರೂ ಒಳಗೆ ತಿಂಗಳುಗಟ್ಟಲೆ ಮೆತ್ತಗಿರುತ್ತದೆ.

ಮೊದಲ ಪದರವನ್ನು ಕಂಡು ಎದೆಗುಂದಬಾರದು. ಹಳೆಯ ಬಣ್ಣ, ಪ್ರೈಮರಿನ ಕೆಂಪು, ಪುಟ್ಟಿಯ ಬೂದು ಎಲ್ಲವೂ ಅದರೊಳಗಿಂದ ಇಣುಕುತ್ತಿದ್ದು, ಕಾರು ಮೊದಲಿಗಿಂತ ಕುರೂಪವಾಗಿ ತೋರುವುದು. ನೆರೆಮನೆಯವರು ನಗುವ ದಿನವೂ ಅದೇ. ಒಂದು ಇಡೀ ದಿನ ಒಣಗಿಸಿ ಎರಡನೆಯ ಪದರ ಹಚ್ಚಬೇಕು. ಎರಡು ಪದರಗಳಾದ ಮೇಲೆ 600 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ನವಿರಾಗಿ ಉಜ್ಜಿ, ಒರೆಸಿ, ಮತ್ತೆರಡು ಪದರ; ಮತ್ತೆ ಉಜ್ಜಿ, ಮತ್ತೆರಡು. ಹೀಗೆ ಐದಾರು ಪದರಗಳಾಗುವ ಹೊತ್ತಿಗೆ ಮೈ ತುಂಬಿಕೊಳ್ಳುವುದು. ಶನಿವಾರ ಭಾನುವಾರಗಳಷ್ಟೇ ಬಿಡುವಿರುವವನಿಗೆ ಸಿದ್ಧತೆ ಸೇರಿ ಐದಾರು ವಾರದ ಕೆಲಸವಿದು. ಕೊನೆಯ ಪದರವಾದ ಮೂರು ನಾಲ್ಕು ವಾರಗಳ ಮೇಲೆ 1000, 1500, 2000 ನಂಬರುಗಳ ಕಾಗದದಿಂದ ಕ್ರಮವಾಗಿ ಉಜ್ಜಿ ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿದರೆ ರೋಲರಿನ ಕಿತ್ತಳೆಸಿಪ್ಪೆಯ ತರಿ ಹೋಗಿ ಕನ್ನಡಿಯ ಹೊಳಪು ಬರುವುದು.

ಎಲ್ಲ ಕಾರಿಗೂ ಇದು ಸಲ್ಲದು. ಮೆಟಾಲಿಕ್ ಬಣ್ಣದಲ್ಲಿ ಅಲ್ಯುಮಿನಿಯಮಿನ ಸೂಕ್ಷ್ಮ ಹರಳುಗಳಿರುತ್ತವೆ. ರೋಲರಿನಡಿಯಲ್ಲಿ ಅವು ಒಂದೊಂದು ಕಡೆ ಒಂದೊಂದು ಬಗೆಯಾಗಿ ಮಲಗಿ ಮೈಯೆಲ್ಲ ಮಚ್ಚೆಯಾಗುವುದು. ಬಿಳಿ, ಕೆನೆ, ಹಳದಿ, ಕೆಂಪು ಮುಂತಾದ ಸಾದಾ ಬಣ್ಣಗಳಿಗೆ ಮಾತ್ರ ಈ ವಿಧಾನ. ಎನಾಮೆಲು ಕಾರ್ಖಾನೆಯ ಬಣ್ಣದಷ್ಟು ಬಾಳುವುದೂ ಇಲ್ಲ. ಬಿಸಿಲಿನಲ್ಲಿ ಕೆಲವು ವರ್ಷಗಳಲ್ಲಿ ಮಾಸುವುದು. ಆಗ ಮತ್ತೆ ಉಜ್ಜಿ ಒಂದೆರಡು ಪದರ ಹಚ್ಚಿಕೊಳ್ಳಬೇಕು. ಹೊಸ ಕಾರಿಗೂ, ಬೇಗನೆ ಒಳ್ಳೆಯ ಬೆಲೆಗೆ ಮಾರಬೇಕೆಂದಿರುವ ಕಾರಿಗೂ ಇದು ಬೇಡ.

ಉಸಿರು ಮತ್ತು ಬೆಂಕಿ

ಹಣ ಉಳಿಸಹೋಗಿ ಆರೋಗ್ಯ ಕಳೆದುಕೊಳ್ಳಬಾರದು. ಗ್ಯಾರೇಜುಗಳಲ್ಲಿ ಬಳಸುವ ಎರಡು ಡಬ್ಬಿಯ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ಮಂಜು ಶ್ವಾಸಕೋಶ ಸೇರಿದರೆ ಬಿಡದ ಉಬ್ಬಸ ಅಂಟಬಹುದು. ತಕ್ಕ ರಕ್ಷಣೆಯಿಲ್ಲದೆ ಅದನ್ನು ಮನೆಯಲ್ಲಿ ಸಿಂಪಡಿಸಲೇಕೂಡದು. ರೋಲರಿನ ದೊಡ್ಡ ಗುಣವೆಂದರೆ ಅದರಲ್ಲಿ ಬಣ್ಣದ ಮಂಜು ಏಳುವುದಿಲ್ಲ. ಆದರೂ ಟರ್ಪೆಂಟೈನಿನ ಆವಿ ತಲೆ ತಿರುಗಿಸುವುದರಿಂದ ಮುಚ್ಚಿದ ಕೋಣೆಯಲ್ಲಿ ಕೆಲಸ ಬೇಡ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಮ್ಮ ದೇಶದ ನಿಯಮ ಬಂದದ್ದೇ 2016ರಲ್ಲಿ. ಆದ್ದರಿಂದ ಒಣದಾಗಿ ಉಜ್ಜದೆ ನೀರು ಹಾಕಿ ಉಜ್ಜಬೇಕು, ಮುಖಕ್ಕೆ ಒಳ್ಳೆಯ ಮಾಸ್ಕು ಇರಬೇಕು, ಮಕ್ಕಳನ್ನು ದೂರವಿಡಬೇಕು.

ಹೋಟೆಲಿನವರಿಗೆ ವಿಶೇಷವಾಗಿ ಹೇಳತಕ್ಕದ್ದು ಇದು. ಟರ್ಪೆಂಟೈನನ್ನೂ ಬಣ್ಣದ ಬಟ್ಟೆಗಳನ್ನೂ ಅಡುಗೆಮನೆಯ ಉಗ್ರಾಣದಲ್ಲಿ, ಗ್ಯಾಸ್ ಸಿಲಿಂಡರಿನ ಬಳಿ ಎಂದಿಗೂ ಇಡಬೇಡಿ. ಎನಾಮೆಲು ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ. ಉಳಿದ ಬಣ್ಣವನ್ನು ಚರಂಡಿಗೆ ಸುರಿಯುವುದೂ ಸಲ್ಲದು. ನಗರದ ಪೂರ್ವಕ್ಕೆ ಹಬ್ಬಿರುವ ಜೌಗು ಪ್ರದೇಶ 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು. ಕೋಲ್ಕತ್ತಾದ ಕೊಳಚೆ ನೀರನ್ನೇ ಬಳಸಿ ಅಲ್ಲಿನ ಬೆಸ್ತರು ಮೀನು ಬೆಳೆಸುತ್ತಾರೆ. ಚರಂಡಿಗೆ ಬಿದ್ದದ್ದು ಯಾರದೋ ತಟ್ಟೆಗೆ ಹೋಗಿ ಸೇರೀತು.

ಕಾಯಿದೆಯ ಮಾತು

ಕಾರಿನ ನೋಂದಣಿ ಪತ್ರದಲ್ಲಿ ಅದರ ಬಣ್ಣವೂ ನಮೂದಾಗಿರುತ್ತದೆ. ಇದ್ದ ಬಣ್ಣವನ್ನೇ ಹಚ್ಚಿದರೆ ತೊಡಕಿಲ್ಲ. ಬದಲಿಸುವುದಾದರೆ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಪತ್ರದಲ್ಲಿ ತಿದ್ದಿಸಿಕೊಳ್ಳುವುದು ಲೇಸು. ಸೈನ್ಯದ ಆಲಿವ್ ಹಸುರನ್ನಂತೂ ಮುಟ್ಟಕೂಡದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ರಕ್ಷಣಾ ಇಲಾಖೆಗೆ ಮೀಸಲು.

ಇದಕ್ಕಿಂತ ಮುಖ್ಯವಾದದ್ದು ಗಾಡಿಯ ವಯಸ್ಸು. 2008ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯವು ಕೊಟ್ಟ ಆದೇಶದ ಫಲವಾಗಿ 15 ವರ್ಷ ಮೀರಿದ ಟ್ಯಾಕ್ಸಿಗಳು ಈ ಮಹಾನಗರದ ರಸ್ತೆಗಳನ್ನು ಬಿಡಬೇಕಾಯಿತು. ಹಳದಿ ಅಂಬಾಸಡರ್‌ಗಳು ವರ್ಷದಿಂದ ವರ್ಷಕ್ಕೆ ಕಣ್ಮರೆಯಾಗುತ್ತಿರುವುದು ಇದರಿಂದಲೇ. ಸ್ವಂತ ಕಾರಿನ ನೋಂದಣಿಯನ್ನು 15 ವರ್ಷಗಳ ಮೇಲೆ, ಪರೀಕ್ಷೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಆದುದರಿಂದ ರೋಲರು ಕೊಳ್ಳುವ ಮುನ್ನ ನೋಂದಣಿ ಪತ್ರದ ತಾರೀಖನ್ನು ನೋಡಿರಿ. ಎಷ್ಟು ಪದರ ಹಚ್ಚಿದರೂ ಗಾಡಿಯ ವಯಸ್ಸು ಒಂದು ದಿನ ಕಡಿಮೆಯಾಗದು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಈ ವಿದ್ಯೆಯಿಂದ ಇನ್ನೊಂದು ಲಾಭವಿದೆ. ಚೀಟಿ ಎತ್ತಿಯೋ ಊರಿನ ಒಡವೆ ಅಡವಿಟ್ಟೋ ಹಳೆಯ ಗಾಡಿಯೊಂದನ್ನು ಕೊಂಡು, ಸ್ವಂತವಾಗಿ ಟಿಫಿನ್ ವ್ಯವಹಾರ ನಡೆಸಬೇಕೆಂಬ ಹಂಬಲ ನಮ್ಮ ಅನೇಕ ತರುಣರಲ್ಲಿದೆ. ಅಂಥವರ ಕಣ್ಣಿಗೆ ಮೊದಲು ಬೀಳುವುದು ಫಳಫಳ ಹೊಳೆಯುವ ಹೊಸ ಬಣ್ಣ. ತಾನೇ ಒಮ್ಮೆ ತುಕ್ಕು ಕೆರೆದು ಪುಟ್ಟಿ ತುಂಬಿದವನು ಆ ಹೊಳಪಿಗೆ ಸುಲಭವಾಗಿ ಮರುಳಾಗನು. ಅವನು ಬಾಗಿಲಿನ ಕೆಳಗಂಚನ್ನು ಬೆರಳಿನಿಂದ ತಡವಿ ನೋಡುವನು. ಕಾಲಡಿಯ ಚಾಪೆ ಎತ್ತಿ ನೆಲದ ತಗಡನ್ನು ಕಾಣುವನು. ರಬ್ಬರಿನ ಅಂಚಿನಲ್ಲಿ ಹಳೆಯ ಬಣ್ಣದ ಗೆರೆ ಇಣುಕುತ್ತಿದೆಯೇ ಎಂದು ಪರೀಕ್ಷಿಸುವನು. ಜೇಬಿನಲ್ಲಿ ತೆಳುಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದಿದ್ದರೆ ಇನ್ನೂ ಒಳ್ಳೆಯದು. ಉಕ್ಕಿನ ತಗಡಿಗೆ ಅದು ಗಟ್ಟಿಯಾಗಿ ಅಂಟುವುದು, ದಪ್ಪ ಪುಟ್ಟಿಯ ಮೇಲೆ ಜಾರಿ ಬೀಳುವುದು. ಸಾವಿರಾರು ರೂಪಾಯಿಯ ನಷ್ಟವನ್ನು ತಪ್ಪಿಸಲು ಅಷ್ಟು ಸಾಕು.

ಬಣ್ಣ ಎರಡು ಬಗೆಯದು: ಲೋಹವನ್ನು ಕಾಯುವುದು ಒಂದು, ಲೋಹದ ಕೊರತೆಯನ್ನು ಮರೆಮಾಚುವುದು ಮತ್ತೊಂದು. ದೂರದಿಂದ ನೋಡುವವರಿಗೆ ಎರಡೂ ಒಂದೇ. ಮಳೆಗಾಲ ಬಂದಾಗ ಯಾವುದು ಯಾವುದೆಂಬುದು ಬಯಲಾಗುವುದು. ಮನೆಯಂಗಳದಲ್ಲಿ ರೋಲರು ಹಿಡಿಯುವವನಿಗೆ ಮೊದಲನೆಯದನ್ನೇ ಆರಿಸಿಕೊಳ್ಳುವ ಅವಕಾಶವಿದೆ, ಏಕೆಂದರೆ ಅವನು ಮೋಸಮಾಡಬೇಕಾದ ಗಿರಾಕಿ ಬೇರೊಬ್ಬನಿಲ್ಲ.

ಮಳೆ ನಿಂತು ಒಣಗಾಳಿ ಬೀಸತೊಡಗಿದಾಗ ಈ ಕೆಲಸಕ್ಕೆ ಇಳಿಯಬೇಕೆಂದಿರುವವರು ಮೊದಲು ಒಂದೇ ಒಂದು ಬಾಗಿಲಿಗೆ ಬಣ್ಣ ಬಳಿದು ನೋಡಲಿ. ಅದು ಮನಸ್ಸಿಗೊಪ್ಪಿದರೆ ಉಳಿದದ್ದನ್ನು ಮುಂದುವರಿಸಲಿ. ಒಪ್ಪದಿದ್ದರೆ ಉಜ್ಜಿ ಮತ್ತೆ ಬಳಿಯಲಿ. ತಪ್ಪಿದ ಪದರವನ್ನು ನೀರು ಕಾಗದಗಳಿಂದಲೇ ತೆಗೆದುಹಾಕಬಹುದೆಂಬುದು ಈ ಕೆಲಸದ ದೊಡ್ಡ ಸಮಾಧಾನ.